ರಷ್ಯಾ–ಪಶ್ಚಿಮ ಬಿಕ್ಕಟ್ಟು: ಕೊನೆಯ ಅಣ್ವಸ್ತ್ರ ಒಪ್ಪಂದವೂ ಮುಗಿದ ಮೇಲೆ

ತುಂಗಾತೀರ:

ಅಮೆರಿಕ ಮತ್ತು ರಷ್ಯಾಗಳ ನಡುವಿನ ‘ನ್ಯೂ ಸ್ಟಾರ್ಟ್’ ಒಪ್ಪಂದದ ಅವಧಿ 2026ರ ಫೆಬ್ರುವರಿ 5ಕ್ಕೆ ಮುಗಿದುಹೋಯಿತು. ಆಗಿನ ಅಧ್ಯಕ್ಷರಾದ ಒಬಾಮ ಮತ್ತು ಮೆಡ್ವೆಡೆವ್ 2010ರ ಏಪ್ರಿಲ್ 8ರಂದು ಪ್ರಾಗ್‌ನಲ್ಲಿ ಸಹಿ ಹಾಕಿದ್ದ ಈ ಒಪ್ಪಂದವು, ನಿಯೋಜನೆಯಲ್ಲಿರುವ ದೂರಗಾಮಿ ಅಣ್ವಸ್ತ್ರ ಸಿಡಿತಲೆಗಳು ಎರಡೂ ಕಡೆ 1,550ನ್ನು ಮೀರದಂತೆ, ಅವುಗಳನ್ನು ಹೊತ್ತೊಯ್ಯುವ ಕ್ಷಿಪಣಿ ಹಾಗೂ ಬಾಂಬರ್ ವಿಮಾನಗಳು 700ನ್ನು ಮೀರದಂತೆ ಮಿತಿ ಹಾಕಿತ್ತು. ಉಕ್ರೇನ್ ಯುದ್ಧ ಆರಂಭವಾದಾಗಿನಿಂದ ನಾವು ಈ ಚರ್ಚಾ ವೇದಿಕೆಯಲ್ಲಿ ಪುಟಿನ್ ಸರಿಯೇ, ಪಶ್ಚಿಮದ ಸೇನಾಕೂಟ ನ್ಯಾಟೊ ಸರಿಯೇ ಎಂದು ಸಾಕಷ್ಟು ವಾದ ಮಾಡಿದ್ದೇವೆ. ಆದರೆ ಈ ಬಿಕ್ಕಟ್ಟಿನಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡುವ ಸಂಗತಿಯ ಬಗ್ಗೆ ಚರ್ಚೆ ನಡೆದದ್ದು ಕಡಿಮೆ. ಎದುರಾಳಿ ಏನು ಮಾಡುತ್ತಿದ್ದಾನೆ ಎಂದು ಖಚಿತವಾಗಿ ತಿಳಿಯಲು ಇದ್ದ ದಾರಿಗಳನ್ನು ಈ ಎರಡು ದೇಶಗಳು ಇಪ್ಪತ್ತೈದು ವರ್ಷಗಳಲ್ಲಿ ಒಂದೊಂದಾಗಿ ಮುಚ್ಚಿಕೊಂಡಿವೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. 2022ರ ಫೆಬ್ರುವರಿ 24ರ ದಾಳಿಯ ಹೊಣೆ ರಷ್ಯಾದ್ದೇ. ಅದರಲ್ಲಿ ಪಾಲು ಹಂಚಲು ನಾನು ಸಿದ್ಧನಿಲ್ಲ. ಆದರೆ ಒಪ್ಪಂದಗಳನ್ನು ಮುರಿದ ಲೆಕ್ಕಕ್ಕೆ ಬಂದರೆ ಎರಡೂ ಕಡೆಯವರ ಕೈಗಳು ಮಸಿಯಾಗಿವೆ. ಕ್ಷಿಪಣಿ ತಡೆ ವ್ಯವಸ್ಥೆಗಳಿಗೆ ಮಿತಿ ಹಾಕಿದ್ದ 1972ರ ಎಬಿಎಂ ಒಪ್ಪಂದದಿಂದ ಅಮೆರಿಕ 2002ರಲ್ಲಿ ಹೊರಬಂದಿತು. ಯುರೋಪಿನಲ್ಲಿ ಟ್ಯಾಂಕು, ಫಿರಂಗಿಗಳ ಸಂಖ್ಯೆಯನ್ನು ನಿಯಂತ್ರಿಸುತ್ತಿದ್ದ ಒಪ್ಪಂದವನ್ನು ರಷ್ಯಾ 2007ರಲ್ಲಿ ಅಮಾನತಿನಲ್ಲಿಟ್ಟು 2023ರಲ್ಲಿ ಪೂರ್ತಿ ಬಿಟ್ಟಿತು. ನಿರಾಯುಧ ವಿಮಾನಗಳಲ್ಲಿ ಪರಸ್ಪರರ ನೆಲದ ಮೇಲೆ ಹಾರಿ ಚಿತ್ರ ತೆಗೆಯಲು ಅವಕಾಶವಿದ್ದ ‘ಮುಕ್ತ ಆಕಾಶ’ ಒಪ್ಪಂದವನ್ನು 2020ರಲ್ಲಿ ಅಮೆರಿಕ, ಮರುವರ್ಷ ರಷ್ಯಾ ತೊರೆದವು.

ಇವೆಲ್ಲಕ್ಕಿಂತ ನನಗೆ ಹೆಚ್ಚು ನೋವಾಗುವುದು ಅಮೆರಿಕದ ಅಧ್ಯಕ್ಷ ರೇಗನ್ ಮತ್ತು ಸೋವಿಯತ್ ನಾಯಕ ಗೊರ್ಬಚೆವ್ 1987ರ ಡಿಸೆಂಬರ್ 8ರಂದು ಸಹಿ ಮಾಡಿದ್ದ ಐಎನ್‌ಎಫ್ ಒಪ್ಪಂದದ ಅಂತ್ಯದ ಬಗ್ಗೆ. 500ರಿಂದ 5,500 ಕಿಲೋಮೀಟರ್ ವ್ಯಾಪ್ತಿಯ, ನೆಲದಿಂದ ಹಾರುವ ಕ್ಷಿಪಣಿಗಳ ಒಂದು ಇಡೀ ವರ್ಗವೇ ಅದರಿಂದ ನಾಶವಾಯಿತು. 1991ರ ಹೊತ್ತಿಗೆ ಒಟ್ಟು 2,692 ಕ್ಷಿಪಣಿಗಳನ್ನು ಕಡಿದು, ಸುಟ್ಟು, ಸ್ಫೋಟಿಸಿ ಮುಗಿಸಿದ್ದರು. ಅಮೆರಿಕದ ತಪಾಸಣಾಧಿಕಾರಿಗಳು ಉರಾಲ್ ಪರ್ವತಗಳ ಕಡೆಯ ವೋಟ್ಕಿನ್ಸ್ಕ್ ಕಾರ್ಖಾನೆಯ ಬಾಗಿಲಲ್ಲಿ, ಸೋವಿಯತ್ ತಪಾಸಣಾಧಿಕಾರಿಗಳು ಯೂಟಾ ರಾಜ್ಯದ ಮ್ಯಾಗ್ನಾ ಎಂಬ ಊರಿನಲ್ಲಿ, ವರ್ಷಗಟ್ಟಲೆ ಬಿಡಾರ ಹೂಡಿ, ಹೊರಹೋಗುವ ಪೆಟ್ಟಿಗೆಗಳನ್ನು ಪರೀಕ್ಷಿಸುತ್ತಿದ್ದರು. ಪರಸ್ಪರ ನಂಬಿಕೆ ಇತ್ತೆಂದು ಅವರು ಹೀಗೆ ಮಾಡಿದ್ದಲ್ಲ. ನಂಬಿಕೆ ಇಲ್ಲದಿದ್ದುದರಿಂದಲೇ ಈ ಏರ್ಪಾಡು ಬೇಕಾಗಿತ್ತು. ರಷ್ಯಾ ನಿಷೇಧಿತ ಕ್ಷಿಪಣಿಯೊಂದನ್ನು ರಹಸ್ಯವಾಗಿ ತಯಾರಿಸಿ ನಿಯೋಜಿಸಿದೆ ಎಂಬ ಆರೋಪದ ಮೇಲೆ 2019ರ ಆಗಸ್ಟ್ 2ರಂದು ಅಮೆರಿಕ ಅದರಿಂದ ಹೊರಬಿದ್ದಿತು. 2024ರ ನವೆಂಬರ್ 21ರಂದು ರಷ್ಯಾ ಉಕ್ರೇನಿನ ದ್ನಿಪ್ರೊ ನಗರದ ಮೇಲೆ ಎಸೆದ ‘ಒರೆಶ್ನಿಕ್’ ಅದೇ ನಡು ವ್ಯಾಪ್ತಿಯ ಕ್ಷಿಪಣಿ. ಹಳೆಯ ಒಪ್ಪಂದ ಜಾರಿಯಲ್ಲಿದ್ದಿದ್ದರೆ ಅದು ಇರುವಂತೆಯೇ ಇರಲಿಲ್ಲ.

ಇತಿಹಾಸದ ಮೇಷ್ಟ್ರು:

ತುಂಗಾತೀರ ಅವರೇ, ತಮ್ಮ ಕಳವಳ ನನ್ನದೂ ಹೌದು. ಆದರೆ ‘ಎರಡೂ ಕಡೆ’ ಎಂದು ಸಮನಾಗಿ ತೂಗಿಬಿಟ್ಟರೆ ಕಾಲಾನುಕ್ರಮ ಮರೆಯಾಗುತ್ತದೆ. ತಾವೇ ಕೊಟ್ಟ ಪಟ್ಟಿಯಲ್ಲಿ ಮೊದಲು ಹೊರನಡೆದವರು ಯಾರೆಂದು ನೋಡಿ. 2001ರ ಡಿಸೆಂಬರಿನಲ್ಲಿ ಬುಷ್ ಎಬಿಎಂ ಒಪ್ಪಂದವನ್ನು ಬಿಡುವುದಾಗಿ ಘೋಷಿಸಿದಾಗ ರಷ್ಯಾ ದುರ್ಬಲವಾಗಿತ್ತು, ಆಫ್ಘಾನಿಸ್ತಾನದ ವಿಷಯದಲ್ಲಿ ಅಮೆರಿಕಕ್ಕೆ ಸಹಕರಿಸುತ್ತಲೂ ಇತ್ತು. ಎದುರಾಳಿ ಸೋತು ಕುಳಿತಿದ್ದಾನೆ, ಇನ್ನು ಅವನ ಒಪ್ಪಿಗೆ ಬೇಕಿಲ್ಲ ಎಂಬ ಭಾವ ಆಗ ವಾಷಿಂಗ್ಟನ್ನಿನಲ್ಲಿ ಬೇರೂರಿತ್ತು ಎಂದೇ ನನ್ನ ಅಭಿಪ್ರಾಯ.

1990ರ ಫೆಬ್ರುವರಿಯಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಬೇಕರ್, ಜರ್ಮನಿಯ ಏಕೀಕರಣದ ಮಾತುಕತೆಯಲ್ಲಿ, ನ್ಯಾಟೊ ಪೂರ್ವಕ್ಕೆ ಒಂದು ಇಂಚೂ ಸರಿಯುವುದಿಲ್ಲ ಎಂಬ ಮಾತನ್ನು ಗೊರ್ಬಚೆವ್ ಮುಂದೆ ಆಡಿದ್ದು ದಾಖಲೆಯಲ್ಲಿದೆ. ಅದು ಲಿಖಿತ ಒಪ್ಪಂದವಾಗಲಿಲ್ಲ, ನಿಜ. ಆಗ ಮಾತು ಇದ್ದದ್ದು ಪೂರ್ವ ಜರ್ಮನಿಯ ನೆಲದ ಕುರಿತು ಮಾತ್ರ ಎಂದು ಗೊರ್ಬಚೆವ್ ಅವರೇ 2014ರಲ್ಲಿ ಹೇಳಿದ್ದರು. ಆದರೆ ಅದೇ ಸಂದರ್ಶನದಲ್ಲಿ ಅವರು, ನಂತರದ ವಿಸ್ತರಣೆಯು ಅಂದು ಕೊಟ್ಟ ಭರವಸೆಗಳ ಆಶಯಕ್ಕೆ ವಿರುದ್ಧವಾಗಿತ್ತು ಎಂದೂ ಹೇಳಿದ್ದರು. ಒಂದು ಕಡೆಯವರು ಮೊದಲ ಮಾತನ್ನು ಮಾತ್ರ ಉಲ್ಲೇಖಿಸುತ್ತಾರೆ, ಇನ್ನೊಂದು ಕಡೆಯವರು ಎರಡನೆಯದನ್ನು ಮಾತ್ರ. 1999ರಲ್ಲಿ ಪೋಲೆಂಡ್, ಹಂಗೆರಿ, ಜೆಕ್ ಗಣರಾಜ್ಯಗಳು ನ್ಯಾಟೊ ಸೇರಿದವು. ಅದೇ ವಸಂತದಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅನುಮತಿಯಿಲ್ಲದೆ ಯುಗೊಸ್ಲಾವಿಯಾದ ಮೇಲೆ 78 ದಿನ ಬಾಂಬ್ ಹಾಕಲಾಯಿತು. 2003ರಲ್ಲಿ ಇರಾಕ್ ಮೇಲೆ ಅಮೆರಿಕದ ದಾಳಿ. 2004ರಲ್ಲಿ ಬಾಲ್ಟಿಕ್ ದೇಶಗಳೂ ಸೇರಿ ಏಳು ಹೊಸ ಸದಸ್ಯರು. ಇಷ್ಟೆಲ್ಲ ಆದ ಮೇಲೆ 2007ರಲ್ಲಿ ಪುಟಿನ್ ಮ್ಯೂನಿಕ್‌ನಲ್ಲಿ ಕಟುವಾಗಿ ಮಾತನಾಡಿದಾಗ ಪಶ್ಚಿಮದ ನಾಯಕರು ಬೆರಗಾದದ್ದೇ ನನಗೆ ಬೆರಗಿನ ಸಂಗತಿ. ಸೋವಿಯತ್ ಒಕ್ಕೂಟವನ್ನು ಕಟ್ಟಿಹಾಕುವ ನೀತಿಯನ್ನು ರೂಪಿಸಿದ ಜಾರ್ಜ್ ಕೆನ್ನನ್ ಅವರೇ 1997ರಲ್ಲಿ, ವಿಸ್ತರಣೆ ದೊಡ್ಡ ಪ್ರಮಾದವಾಗುತ್ತದೆ ಎಂದು ಬರೆದು ಎಚ್ಚರಿಸಿದ್ದರು.

ನಾನು ದಾಳಿಯನ್ನು ಸಮರ್ಥಿಸುತ್ತಿಲ್ಲ. ಎರಡನೇ ಮಹಾಯುದ್ಧದಲ್ಲಿ ಸುಮಾರು 2 ಕೋಟಿ 70 ಲಕ್ಷ ಜನರನ್ನು ಕಳೆದುಕೊಂಡ ನೆಲದ ಭಯವನ್ನು ನೆಪವೆಂದು ತಳ್ಳಿಹಾಕಬಾರದು ಎನ್ನುತ್ತಿದ್ದೇನೆ, ಅಷ್ಟೇ.

ಹೆಲ್ಸಿಂಕಿಯ ಕನ್ನಡತಿ:

ಮೇಷ್ಟ್ರೇ, ನಮಸ್ಕಾರ. ತಾವು ಹೇಳುವ ಆ ಭಯವನ್ನು ನಾನು ಗೌರವಿಸುತ್ತೇನೆ. ಆದರೆ ಆ 2 ಕೋಟಿ 70 ಲಕ್ಷದಲ್ಲಿ ಉಕ್ರೇನಿನವರು, ಬೆಲಾರುಸಿನವರು ಲಕ್ಷಾಂತರ ಸಂಖ್ಯೆಯಲ್ಲಿದ್ದರು. ಆ ನೆನಪು ರಷ್ಯಾ ಒಂದರ ಸ್ವತ್ತಲ್ಲ. ಅದಲ್ಲದೆ ಭಯವಿರುವುದು ದೊಡ್ಡ ದೇಶಕ್ಕೆ ಮಾತ್ರವೇ? ನಾನು ಮದುವೆಯಾಗಿ ಬಂದು ನೆಲೆಸಿರುವ ಫಿನ್‌ಲೆಂಡಿನ ಮೇಲೆ 1939ರ ನವೆಂಬರಿನಲ್ಲಿ ಸೋವಿಯತ್ ಸೇನೆ ದಾಳಿ ಮಾಡಿತು. ಕರೇಲಿಯಾ ಪ್ರಾಂತ್ಯವನ್ನು ಬಿಟ್ಟುಕೊಟ್ಟು ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಮನೆ ತೊರೆದರು. ನನ್ನ ಅತ್ತೆಯವರ ತಾಯಿಯ ಮನೆಯವರು ಹಾಗೆ ಬಂದವರು. ಆ ಮನೆಯಲ್ಲಿ, ಅಂದು ಕಳೆದುಕೊಂಡ ವಿಬೋರ್ಗ್ ನಗರದ ಹೆಸರನ್ನು ಇಂದಿಗೂ ದನಿ ತಗ್ಗಿಸದೆ ಹೇಳುವವರಿಲ್ಲ.

ಇಷ್ಟಾಗಿಯೂ ಈ ದೇಶ ದಶಕಗಳ ಕಾಲ ಯಾವ ಸೇನಾಕೂಟಕ್ಕೂ ಸೇರದೆ ಉಳಿಯಿತು. ನ್ಯಾಟೊ ಬೇಕು ಎನ್ನುವವರು ನಾಲ್ವರಲ್ಲಿ ಒಬ್ಬರಷ್ಟೇ ಇದ್ದರು. 2022ರ ಮೇ ತಿಂಗಳ ಹೊತ್ತಿಗೆ ಅದು ನಾಲ್ವರಲ್ಲಿ ಮೂವರಾಯಿತು, ಸಂಸತ್ತಿನಲ್ಲಿ 188 ಮತಗಳು ಪರವಾಗಿ, ಕೇವಲ 8 ಮತಗಳು ವಿರುದ್ಧವಾಗಿ ಬಿದ್ದವು. ಈ ಬದಲಾವಣೆಯನ್ನು ತಂದದ್ದು ವಾಷಿಂಗ್ಟನ್ ಅಲ್ಲ, ಕೀವ್ ಕಡೆಗೆ ಹೊರಟ ಟ್ಯಾಂಕುಗಳ ಸಾಲು. 2023ರ ಏಪ್ರಿಲ್ 4ರಂದು ಫಿನ್‌ಲೆಂಡ್ ಸದಸ್ಯನಾದಾಗ ರಷ್ಯಾದೊಂದಿಗೆ ನ್ಯಾಟೊ ಹಂಚಿಕೊಳ್ಳುವ ಗಡಿಗೆ ಒಮ್ಮೆಲೇ 1,340 ಕಿಲೋಮೀಟರ್ ಸೇರಿತು, ಮತ್ತು ಸೇಂಟ್ ಪೀಟರ್ಸ್‌ಬರ್ಗ್ ಈ ಗಡಿಯಿಂದ ಕೆಲವೇ ಗಂಟೆಗಳ ಹಾದಿ. ನ್ಯಾಟೊ ಗಡಿಗೆ ಬರುವುದೇ ಯುದ್ಧಕ್ಕೆ ಕಾರಣವಾಗಿದ್ದರೆ ಆ ದಿನ ಏನಾಗಬೇಕಿತ್ತು? ಮಾಸ್ಕೋ ಪ್ರತಿಭಟಿಸಿತು, ಸುಮ್ಮನಾಯಿತು. ಉಕ್ರೇನಿನ ವಿಷಯದಲ್ಲಿ ಮಾತ್ರ ಅದು ಸುಮ್ಮನಾಗದೆ ಇರುವುದಕ್ಕೆ ಕಾರಣ ಪುಟಿನ್ ಅವರ 2021ರ ಜುಲೈ ಲೇಖನದಲ್ಲೇ ಇದೆ. ರಷ್ಯನ್ನರು ಮತ್ತು ಉಕ್ರೇನಿಯನ್ನರು ಒಂದೇ ಜನಾಂಗ ಎಂದು ಅವರು ಅಲ್ಲಿ ದೀರ್ಘವಾಗಿ ವಾದಿಸಿದ್ದಾರೆ. ಒಬ್ಬರನ್ನು ಪ್ರತ್ಯೇಕ ಜನರೆಂದೇ ಒಪ್ಪದವರ ಜೊತೆ ಭದ್ರತೆಯ ವಲಯ ಎಷ್ಟು ಕಿಲೋಮೀಟರ್ ಇರಬೇಕು ಎಂದು ಚೌಕಾಸಿ ಮಾಡುವುದು ಹೇಗೆ?

ಇಲ್ಲಿ ದೊಡ್ಡ ವಸತಿ ಕಟ್ಟಡಗಳ ಕೆಳಗೆ ರಕ್ಷಣಾ ಆಶ್ರಯತಾಣ ಇರಲೇಬೇಕೆಂಬ ಕಾನೂನಿದೆ. ದೇಶದಲ್ಲಿ ಸುಮಾರು 50,500 ಆಶ್ರಯತಾಣಗಳಿವೆ, 48 ಲಕ್ಷ ಜನರಿಗೆ ಸಾಕಾಗುವಷ್ಟು. ನಮ್ಮ ಕಟ್ಟಡದ ಆಶ್ರಯತಾಣದಲ್ಲಿ ಸೈಕಲ್ಲುಗಳನ್ನೂ ಮಂಜಿನ ಮೇಲೆ ಜಾರುವ ಹಲಗೆಗಳನ್ನೂ ಇಡುತ್ತೇವೆ. ಪ್ರತಿ ಮನೆಯೂ 72 ಗಂಟೆ ಹೊರಗಿನ ನೆರವಿಲ್ಲದೆ ನಡೆಯುವಷ್ಟು ನೀರು, ಆಹಾರ, ಔಷಧಿ ಇಟ್ಟುಕೊಳ್ಳಬೇಕೆಂಬ ಸಲಹೆಯಿದೆ. ಇಲ್ಲಿಯ ಜನ ಇದನ್ನು ಗಾಬರಿಯಿಲ್ಲದೆ ಮಾಡುತ್ತಾರೆ. ಹಾಗೆಂದು ಅವರಿಗೆ ಯುದ್ಧ ಬೇಕಾಗಿದೆ ಎಂದು ಯಾರೂ ತಿಳಿಯಬಾರದು.

ಬೆಣ್ಣೆತೊರೆ:

ಅಮ್ಮಾ, ತಮ್ಮ ಮಾತು ಮನಸ್ಸಿಗೆ ತಟ್ಟಿತು. ಆದರೆ ನಾನು ಕಲಬುರಗಿ ಕಡೆಯವನು, ಈ ಯುದ್ಧ ನಮ್ಮ ಮನೆಬಾಗಿಲಿಗೆ ಬಂದ ರೀತಿಯೇ ಬೇರೆ. ನಮ್ಮ ಜಿಲ್ಲೆಯ ಬಡ ಹುಡುಗರಿಗೆ ರಷ್ಯಾದಲ್ಲಿ ಭದ್ರತಾ ಸಿಬ್ಬಂದಿ ಕೆಲಸ ಕೊಡಿಸುವುದಾಗಿ ಏಜೆಂಟರು ನಂಬಿಸಿ, 2023ರ ಕೊನೆಯಲ್ಲಿ ಕರೆದೊಯ್ದು, ಯುದ್ಧದ ಮುಂಚೂಣಿಗೆ ತಳ್ಳಿದರು. ಪ್ರಧಾನಿಯವರು 2024ರ ಜುಲೈಯಲ್ಲಿ ಮಾಸ್ಕೋದಲ್ಲಿ ಪ್ರಸ್ತಾಪಿಸಿದ ಮೇಲೆ, ಸೆಪ್ಟೆಂಬರಿನಲ್ಲಿ ಅವರು ಊರು ಕಂಡರು. ಅದಕ್ಕೂ ಮೊದಲು, 2022ರ ಮಾರ್ಚ್ 1ರಂದು, ಹಾರ್ಕಿವ್‌ನಲ್ಲಿ ಊಟದ ಸಾಮಾನು ತರಲು ಹೊರಬಂದಿದ್ದ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದ. ಹಾಗಾಗಿ ರಷ್ಯಾವನ್ನು ಕಣ್ಣು ಮುಚ್ಚಿ ಹೊಗಳಲು ನನ್ನಿಂದಾಗದು.

ಆದರೂ ಪಶ್ಚಿಮದ ಉಪದೇಶ ಕೇಳಿದಾಗ ನನಗೆ ಸಿಟ್ಟು ಬರುತ್ತದೆ. ರಷ್ಯಾದ ತೈಲ ಕೊಂಡದ್ದಕ್ಕೆ 2025ರ ಆಗಸ್ಟ್ 27ರಿಂದ ಅಮೆರಿಕ ನಮ್ಮ ಸರಕುಗಳ ಮೇಲೆ ಹೆಚ್ಚುವರಿ ಶೇ 25ರಷ್ಟು ಸುಂಕ ಹಾಕಿ ಒಟ್ಟು ಶೇ 50ಕ್ಕೆ ಏರಿಸಿತು. ಅದೇ ವೇಳೆಯಲ್ಲಿ ಯುರೋಪು ರಷ್ಯಾದ ದ್ರವೀಕೃತ ಅನಿಲವನ್ನು ಹಡಗುಗಳಲ್ಲಿ ತರಿಸಿಕೊಳ್ಳುತ್ತಲೇ ಇತ್ತು. ಗಾಜಾದ ಮಕ್ಕಳ ವಿಷಯದಲ್ಲಿ ಅಂತರರಾಷ್ಟ್ರೀಯ ಕಾನೂನಿನ ಮಾತು ಇಷ್ಟೇ ಗಟ್ಟಿಯಾಗಿ ಕೇಳಿಸಲಿಲ್ಲ. ಕಾನೂನು ಎಲ್ಲರಿಗೂ ಒಂದೇ ಆಗಿದ್ದರೆ ಮಾತ್ರ ನಾನು ಅದಕ್ಕೆ ತಲೆಬಾಗುತ್ತೇನೆ.

ತುಂಗಾತೀರ:

ಬೆಣ್ಣೆತೊರೆ ಅವರೇ, ತಮ್ಮ ಸಿಟ್ಟು ನ್ಯಾಯವಾದದ್ದು. ಪಶ್ಚಿಮದ ಇಬ್ಬಗೆಯ ನೀತಿಯನ್ನು ನಾನೂ ಒಪ್ಪುವುದಿಲ್ಲ. ಆದರೆ ಆ ಸಿಟ್ಟು ಉಕ್ರೇನಿನ ಮೇಲೆ ತಿರುಗುವುದನ್ನು ನಮ್ಮ ಕಡೆ ಬಹಳ ನೋಡುತ್ತಿದ್ದೇನೆ, ಅದು ನನಗೆ ಸಹಿಸಲಾಗದು. ಇರಾಕಿನ ಮೇಲೆ ಆದ ಅನ್ಯಾಯಕ್ಕೆ ಹಾರ್ಕಿವ್‌ನವರು ಏಕೆ ಬೆಲೆ ತೆರಬೇಕು?

ನಮ್ಮಲ್ಲಿ ಅನೇಕರಿಗೆ ರಷ್ಯಾದ ಮೇಲಿರುವ ಪ್ರೀತಿ ಸೋವಿಯತ್ ಕಾಲದಿಂದ ಬಂದದ್ದು. ನವಕರ್ನಾಟಕದ ಮಳಿಗೆಗಳಲ್ಲಿ ಅಗ್ಗದ ಬೆಲೆಗೆ ಸಿಗುತ್ತಿದ್ದ ಆ ಗಟ್ಟಿ ರಟ್ಟಿನ ಪುಸ್ತಕಗಳನ್ನು ಓದಿ ಬೆಳೆದವರಲ್ಲಿ ನಾನೂ ಒಬ್ಬ. ಆದರೆ ಭಾರತಕ್ಕೆ ಸಿಕ್ಕ ಸೋವಿಯತ್ ನೆರವಿನಲ್ಲಿ ಉಕ್ರೇನಿನ ಪಾಲು ಸಣ್ಣದಲ್ಲ. ನಮ್ಮ ವಾಯುಪಡೆ ಲಡಾಖಿನ ಎತ್ತರಕ್ಕೆ ಸಾಮಾನು ಸಾಗಿಸುವ ಆ್ಯನ್-32 ವಿಮಾನ ತಯಾರಾದದ್ದು ಕೀವ್‌ನಲ್ಲಿ. 2024ರ ಡಿಸೆಂಬರಿನಲ್ಲಿ ಕಲಿನಿನ್‌ಗ್ರಾಡ್‌ನಲ್ಲಿ ನಮ್ಮ ನೌಕಾಪಡೆಗೆ ಸೇರಿದ ಐಎನ್‌ಎಸ್ ತುಶಿಲ್ ಯುದ್ಧನೌಕೆಯನ್ನು ಕಟ್ಟಿದ್ದು ರಷ್ಯಾ, ಆದರೆ ಅದರ ಗ್ಯಾಸ್ ಟರ್ಬೈನ್ ಎಂಜಿನ್‌ಗಳು ಉಕ್ರೇನಿನ ಮೈಕೊಲೈವ್ ನಗರದವು. 2014ರ ನಂತರ ಉಕ್ರೇನ್ ರಷ್ಯಾಕ್ಕೆ ಎಂಜಿನ್ ಕೊಡುವುದನ್ನು ನಿಲ್ಲಿಸಿದ್ದರಿಂದ ಭಾರತವೇ ಅವನ್ನು ಕೊಂಡು ರಷ್ಯಾದ ಹಡಗುಕಟ್ಟೆಗೆ ಒಪ್ಪಿಸಬೇಕಾಯಿತು. ಭಾರತ ತಟಸ್ಥವಾಗಿರುವುದಕ್ಕೆ ಗಟ್ಟಿ ಕಾರಣಗಳಿವೆ, 2022ರ ಮಾರ್ಚ್ 2ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಮತ ಹಾಕದೆ ಉಳಿದ 35 ದೇಶಗಳಲ್ಲಿ ನಾವೂ ಇದ್ದದ್ದನ್ನು ನಾನು ಟೀಕಿಸುವುದಿಲ್ಲ. ಆದರೆ ತಟಸ್ಥ ಸರ್ಕಾರದ ಪ್ರಜೆಗಳು ಆಕ್ರಮಣವನ್ನು ಆಕ್ರಮಣ ಎನ್ನಲು ಹಿಂಜರಿಯಬೇಕಾಗಿಲ್ಲ.

ಮೇಷ್ಟ್ರಿಗೆ ಒಂದು ಪ್ರಶ್ನೆ. 1994ರ ಡಿಸೆಂಬರ್ 5ರಂದು ಬುಡಾಪೆಸ್ಟ್‌ನಲ್ಲಿ ಉಕ್ರೇನ್ ತನ್ನ ನೆಲದಲ್ಲಿದ್ದ ಸುಮಾರು 1,900 ದೂರಗಾಮಿ ಸಿಡಿತಲೆಗಳನ್ನು ಬಿಟ್ಟುಕೊಡಲು ಒಪ್ಪಿತು. ಪ್ರತಿಯಾಗಿ ಅದರ ಗಡಿಗಳನ್ನು ಗೌರವಿಸುವುದಾಗಿ ರಷ್ಯಾ, ಅಮೆರಿಕ, ಬ್ರಿಟನ್ ಸಹಿ ಹಾಕಿದವು. ಬೇಕರ್ ಆಡಿದ ಮಾತು ಕಾಗದಕ್ಕೆ ಇಳಿಯದಿದ್ದರೂ ಅದಕ್ಕೆ ಬೆಲೆಯಿದೆ ಎಂದಾದರೆ, ರಷ್ಯಾದ ಆಗಿನ ಅಧ್ಯಕ್ಷ ಯೆಲ್ಟ್‌ಸಿನ್ ಸಹಿ ಮಾಡಿದ ಕಾಗದಕ್ಕೆ ಎಷ್ಟು ಬೆಲೆ ಇರಬೇಕು?

ಇತಿಹಾಸದ ಮೇಷ್ಟ್ರು:

ಹೆಚ್ಚು ಬೆಲೆ ಇರಬೇಕು, ಅದರಲ್ಲಿ ಎರಡು ಮಾತಿಲ್ಲ. 2014ರ ಮಾರ್ಚ್‌ನಲ್ಲಿ ಕ್ರೈಮಿಯಾವನ್ನು ಸೇರಿಸಿಕೊಂಡಾಗ ರಷ್ಯಾ ಆ ಸಹಿಯನ್ನು ತುಳಿಯಿತು. ಅಣ್ವಸ್ತ್ರ ತ್ಯಜಿಸಿದವನಿಗೆ ಈ ಗತಿ ಎಂಬ ಪಾಠವನ್ನು ಜಗತ್ತಿನ ಪ್ರತಿ ರಾಜಧಾನಿಯೂ ಕಲಿತಿದೆ, ಅದರ ಫಲವನ್ನು ನಮ್ಮ ಮೊಮ್ಮಕ್ಕಳು ಉಣ್ಣುತ್ತಾರೆ.

ಆದರೆ ಪಶ್ಚಿಮ ಮಾಡಿದ ಒಂದು ನಿರ್ದಿಷ್ಟ ಕೆಲಸವನ್ನು ನಾನು ಕ್ಷಮಿಸಲಾರೆ. 2008ರ ಏಪ್ರಿಲ್‌ನಲ್ಲಿ ಬುಖಾರೆಸ್ಟ್ ಶೃಂಗಸಭೆಯಲ್ಲಿ, ಉಕ್ರೇನ್ ಮತ್ತು ಜಾರ್ಜಿಯಾ ಮುಂದೆ ನ್ಯಾಟೊ ಸದಸ್ಯರಾಗುತ್ತವೆ ಎಂದು ಘೋಷಿಸಿದರು, ಆದರೆ ದಿನಾಂಕವನ್ನಾಗಲಿ ದಾರಿಯನ್ನಾಗಲಿ ಕೊಡಲಿಲ್ಲ. ಜರ್ಮನಿ ಮತ್ತು ಫ್ರಾನ್ಸ್ ವಿರೋಧಿಸಿದ್ದವು, ಬುಷ್ ಒತ್ತಾಯಿಸಿದ್ದರು, ನಡುವೆ ಹುಟ್ಟಿದ ಈ ಅರೆ ಭರವಸೆ ರಷ್ಯಾವನ್ನು ಕೆರಳಿಸಲು ಸಾಕಾಯಿತು, ಆ ಎರಡು ದೇಶಗಳನ್ನು ಕಾಪಾಡಲು ಸಾಲಲಿಲ್ಲ. ನಾಲ್ಕೇ ತಿಂಗಳಲ್ಲಿ ಜಾರ್ಜಿಯಾದಲ್ಲಿ ಯುದ್ಧ ನಡೆಯಿತು. ಪೂರ್ತಿ ಒಳಗೆ ಸೇರಿಸಿಕೊಂಡ ಎಸ್ಟೋನಿಯಾ ಇಂದಿಗೂ ಸುರಕ್ಷಿತ, ಬಾಗಿಲಲ್ಲಿ ನಿಲ್ಲಿಸಿದ ಉಕ್ರೇನ್ ಸುಡುತ್ತಿದೆ. ಹೆಲ್ಸಿಂಕಿಯ ಸೋದರಿ ಕೊಟ್ಟ ಫಿನ್‌ಲೆಂಡಿನ ಉದಾಹರಣೆಯೂ ಇದನ್ನೇ ಹೇಳುತ್ತದೆ ಎಂದು ನನಗನಿಸುತ್ತದೆ: ತೀರ್ಮಾನ ಬೇಗ ಆಯಿತು, ಹನ್ನೊಂದು ತಿಂಗಳೊಳಗೆ ಪ್ರವೇಶವೂ ಆಯಿತು.

ಹೆಲ್ಸಿಂಕಿಯ ಕನ್ನಡತಿ:

ಅದನ್ನು ಪೂರ್ತಿ ಒಪ್ಪುತ್ತೇನೆ ಮೇಷ್ಟ್ರೇ. ಎಸ್ಟೋನಿಯಾ ಸುರಕ್ಷಿತ ಎಂಬ ಮಾತಿಗೆ ಒಂದು ಸೇರ್ಪಡೆ ಮಾತ್ರ. 2025ರ ಸೆಪ್ಟೆಂಬರ್ 19ರಂದು ರಷ್ಯಾದ ಮೂರು ಮಿಗ್-31 ವಿಮಾನಗಳು ಸುಮಾರು 12 ನಿಮಿಷ ತನ್ನ ವಾಯುಪ್ರದೇಶದಲ್ಲಿದ್ದವು ಎಂದು ಎಸ್ಟೋನಿಯಾ ಹೇಳಿತು, ರಷ್ಯಾ ನಿರಾಕರಿಸಿತು. ಅದಕ್ಕೂ ಹತ್ತು ದಿನ ಮೊದಲು ಇಪ್ಪತ್ತರಷ್ಟು ಡ್ರೋನ್‌ಗಳು ಪೋಲೆಂಡಿನೊಳಕ್ಕೆ ಬಂದಿದ್ದವು, ನ್ಯಾಟೊ ವಿಮಾನಗಳು ಕೆಲವನ್ನು ಹೊಡೆದುರುಳಿಸಿದವು. ಇಂಥ ರಾತ್ರಿಗಳಲ್ಲಿ ಒಬ್ಬ ಪೈಲಟ್ ಅವಸರ ಮಾಡಿದ್ದರೆ ಎಂದು ಯೋಚಿಸುತ್ತೇನೆ.

ಅಂಕಿಸಂಖ್ಯೆ:

ನಾನು ಈವರೆಗೆ ಓದುತ್ತಾ ಮಾತ್ರ ಇದ್ದೆ. ಮೊದಲ ಬರಹದಲ್ಲಿದ್ದ ಒಪ್ಪಂದದ ವಿಷಯಕ್ಕೆ ಮರಳಬೇಕೆನಿಸುತ್ತಿದೆ. ಎರಡೂ ದೇಶಗಳ ಬಳಿ ಉಪಗ್ರಹಗಳಿವೆಯಲ್ಲವೇ, ತಪಾಸಣಾಧಿಕಾರಿಗಳು ಹೋಗಿ ನೋಡದಿದ್ದರೆ ಏನಾಯಿತು ಎಂದು ಕೆಲವರು ಕೇಳಬಹುದು. ಉಪಗ್ರಹಕ್ಕೆ ಕ್ಷಿಪಣಿಯ ಗೂಡು ಕಾಣುತ್ತದೆ, ಒಳಗಿನ ಕ್ಷಿಪಣಿಯ ತುದಿಯಲ್ಲಿ ಒಂದು ಸಿಡಿತಲೆ ಇದೆಯೇ ಹತ್ತು ಇವೆಯೇ ಎಂಬುದು ಕಾಣುವುದಿಲ್ಲ. ನ್ಯೂ ಸ್ಟಾರ್ಟ್ ಅಡಿಯಲ್ಲಿ ಪ್ರತಿ ಕಡೆಗೂ ವರ್ಷಕ್ಕೆ 18 ತಪಾಸಣೆಗಳ ಅವಕಾಶವಿತ್ತು. ಒಟ್ಟು 328 ತಪಾಸಣೆಗಳು ನಡೆದಿದ್ದವು, ತಮ್ಮ ಅಸ್ತ್ರಗಳ ಸ್ಥಿತಿಗತಿ ತಿಳಿಸುವ 25,000ಕ್ಕೂ ಹೆಚ್ಚು ಸೂಚನೆಗಳ ವಿನಿಮಯವಾಗಿತ್ತು. ಕೋವಿಡ್‌ನಿಂದ 2020ರ ಮಾರ್ಚ್‌ನಲ್ಲಿ ನಿಂತ ತಪಾಸಣೆ ಮತ್ತೆ ಆರಂಭವಾಗಲೇ ಇಲ್ಲ, 2023ರ ಫೆಬ್ರುವರಿಯಲ್ಲಿ ಪುಟಿನ್ ಒಪ್ಪಂದವನ್ನೇ ಅಮಾನತುಗೊಳಿಸಿದರು. ಮುಗಿಯುವ ಮುನ್ನ, 2025ರ ಸೆಪ್ಟೆಂಬರಿನಲ್ಲಿ, ಇನ್ನೊಂದು ವರ್ಷ ಮಿತಿಗಳನ್ನು ಸ್ವಇಚ್ಛೆಯಿಂದ ಪಾಲಿಸೋಣ ಎಂದು ಅವರೇ ಮುಂದಿಟ್ಟ ಪ್ರಸ್ತಾವದಲ್ಲಿ ತಪಾಸಣೆಯ ಮಾತಿರಲಿಲ್ಲ. ನೋಡಲು ಬಿಡದೆ ನಂಬಿ ಎನ್ನುವುದು ಮಿತಿಯಾಗುವುದಿಲ್ಲ.

ಮಾಹಿತಿ ತಲುಪದಿದ್ದರೆ ಏನಾಗಬಹುದು ಎಂಬುದಕ್ಕೆ 1995ರ ಜನವರಿ 25 ಸಾಕ್ಷಿ. ಅಂದು ನಾರ್ವೆಯ ಕರಾವಳಿಯಿಂದ ಧ್ರುವಪ್ರಭೆಯ ಅಧ್ಯಯನಕ್ಕೆಂದು ವಿಜ್ಞಾನಿಗಳು ರಾಕೆಟ್ ಹಾರಿಸಿದರು. ಮುಂಚಿತವಾಗಿ ರಷ್ಯಾಕ್ಕೆ ತಿಳಿಸಿದ್ದರೂ ಆ ಸೂಚನೆ ರಡಾರ್ ಸಿಬ್ಬಂದಿಗೆ ತಲುಪಿರಲಿಲ್ಲ, ಯೆಲ್ಟ್‌ಸಿನ್ ಅವರ ಬಳಿಯಿದ್ದ, ಅಣ್ವಸ್ತ್ರ ದಾಳಿಗೆ ಆದೇಶ ಕೊಡುವ ಪೆಟ್ಟಿಗೆ ತೆರೆಯಿತು. ಅದು ಎರಡು ದೇಶಗಳ ಸಂಬಂಧ ಚೆನ್ನಾಗಿದ್ದ ಕಾಲ.

ಬೆಣ್ಣೆತೊರೆ:

ಇದರಿಂದ ನಮಗೇನು ಎಂದು ನಮ್ಮೂರಲ್ಲಿ ಕೇಳಿದರೆ ಏನು ಹೇಳಲಿ?

ತುಂಗಾತೀರ:

ಎರಡು ಮಾತು ಹೇಳಬಹುದು. ಸ್ಟಾಕ್‌ಹೋಮ್‌ನ ಶಾಂತಿ ಸಂಶೋಧನಾ ಸಂಸ್ಥೆ ಸಿಪ್ರಿಯ 2025ರ ಅಂದಾಜಿನಂತೆ ಚೀನಾದ ಬಳಿ ಸುಮಾರು 600, ನಮ್ಮ ಬಳಿ ಸುಮಾರು 180 ಸಿಡಿತಲೆಗಳಿವೆ. ಅಮೆರಿಕ ಮತ್ತು ರಷ್ಯಾ ಮಿತಿಯಿಲ್ಲದೆ ಏರಿಸತೊಡಗಿದರೆ ಚೀನಾ ತಾನು ಹಿಂದುಳಿಯುವುದಿಲ್ಲ ಎನ್ನುತ್ತದೆ, ಚೀನಾ ಏರಿಸಿದರೆ ದೆಹಲಿ ಸುಮ್ಮನಿರುವುದು ಕಷ್ಟ, ದೆಹಲಿಯನ್ನು ನೋಡಿ ಇಸ್ಲಾಮಾಬಾದ್ ಹೊರಡುತ್ತದೆ. ಆ ಹಣ ಹೋಗುವುದು ಶಾಲೆ, ಆಸ್ಪತ್ರೆಗಳ ಪಾಲಿನಿಂದ.

ಎರಡನೆಯದು, ಇಂಥ ಏರ್ಪಾಡುಗಳ ಬೆಲೆ ಏನೆಂದು ನಮಗೆ ಅನುಭವದಿಂದಲೇ ಗೊತ್ತು. ಪರಸ್ಪರರ ಅಣು ಸ್ಥಾವರಗಳ ಮೇಲೆ ದಾಳಿ ಮಾಡುವುದಿಲ್ಲವೆಂದು ಭಾರತ ಮತ್ತು ಪಾಕಿಸ್ತಾನ 1988ರಲ್ಲಿ ಸಹಿ ಹಾಕಿದವು, 1992ರಿಂದ ಪ್ರತಿ ಜನವರಿ 1ರಂದು ಸ್ಥಾವರಗಳ ಪಟ್ಟಿಯನ್ನು ಹಂಚಿಕೊಳ್ಳುತ್ತಾ ಬಂದಿವೆ. ಕಾರ್ಗಿಲ್, ಬಾಲಾಕೋಟ್, ಆಪರೇಷನ್ ಸಿಂಧೂರ ಯಾವುದೂ ಅದನ್ನು ತಪ್ಪಿಸಲಿಲ್ಲ. 2022ರ ಮಾರ್ಚ್ 9ರಂದು ನಮ್ಮದೇ ಕ್ಷಿಪಣಿಯೊಂದು ಅಚಾತುರ್ಯದಿಂದ ಹಾರಿ ಪಾಕಿಸ್ತಾನದ ಮಿಯಾನ್ ಚನ್ನು ಬಳಿ ಬಿದ್ದಿತು. ಅದು ಯುದ್ಧಕ್ಕೆ ತಿರುಗದೆ ಮುಗಿಯಿತು, ಆದರೆ ಪ್ರತಿ ಬಾರಿಯೂ ಹಾಗೇ ಮುಗಿಯುತ್ತದೆಂಬ ಖಾತರಿಯನ್ನು ಯಾರೂ ಕೊಡಲಾರರು.

ಅಮೆರಿಕ ಮತ್ತು ರಷ್ಯಾಗಳ ನಡುವೆ ಇನ್ನೂ ಉಳಿದಿರುವ ಒಂದು ಎಳೆಯಿದೆ. ದೂರಗಾಮಿ ಕ್ಷಿಪಣಿ ಹಾರಿಸುವ ಮೊದಲು ತಿಳಿಸಬೇಕೆಂಬ 1988ರ ಒಪ್ಪಂದವನ್ನು ಪಾಲಿಸುವುದಾಗಿ ರಷ್ಯಾ 2023ರಲ್ಲಿ ಹೇಳಿತ್ತು. ದ್ನಿಪ್ರೊ ಮೇಲೆ ಒರೆಶ್ನಿಕ್ ಹಾರಿಸುವುದಕ್ಕೂ ಸುಮಾರು ಅರ್ಧ ಗಂಟೆ ಮೊದಲು ಅಮೆರಿಕಕ್ಕೆ ಸೂಚನೆ ಹೋಗಿತ್ತು. ಮಾಸ್ಕೋದೊಂದಿಗೂ ವಾಷಿಂಗ್ಟನ್ನಿನೊಂದಿಗೂ ಮಾತನಾಡಬಲ್ಲ ಕೆಲವೇ ರಾಜಧಾನಿಗಳಲ್ಲಿ ದೆಹಲಿ ಒಂದು. ತೈಲದ ರಿಯಾಯಿತಿ ಮತ್ತು ಸುಂಕದ ಮಾತು ಮುಗಿದ ಮೇಲೆ, ತಪಾಸಣಾಧಿಕಾರಿಗಳನ್ನು ಮರಳಿ ಕಳುಹಿಸಿ ಎಂದು ಎರಡೂ ಕಡೆ ಒತ್ತಾಯಿಸುವ ಕೆಲಸವನ್ನು ನಮ್ಮ ವಿದೇಶಾಂಗ ಇಲಾಖೆ ಮಾಡಬೇಕು ಎಂಬುದು ನನ್ನ ಬೇಡಿಕೆ.